ಮನೆ ಮಾರುವವರ ಭಾಷೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬುದು ಹಿರಿಯರ ಗಾದೆ. ಇಂದು ಬೆಂಗಳೂರಿನಲ್ಲಿ ಕಟ್ಟಿದ ಮನೆಯನ್ನು ಕೊಳ್ಳುವವನಿಗೂ ಆ ಗಾದೆಯು ಸಲ್ಲುತ್ತದೆ. ಆತನ ಪರೀಕ್ಷೆಯು ದಲ್ಲಾಳಿಯ ಜಾಹೀರಾತನ್ನು ಓದುವಲ್ಲಿಯೇ ಆರಂಭವಾಗುತ್ತದೆ.

ಈ ಜಾಹೀರಾತುಗಳಲ್ಲಿ ಪೂರ್ಣ ಅಸತ್ಯಕ್ಕಿಂತಲೂ ಅರ್ಧಸತ್ಯದ ಉಪದ್ರವವೇ ದೊಡ್ಡದು. ‘ವಿಮಾನ ನಿಲ್ದಾಣಕ್ಕೆ ಇಪ್ಪತ್ತು ನಿಮಿಷ’ ಎಂದಿರುತ್ತದೆ; ಅದು ಹಗಲಿನ ಲೆಕ್ಕವೋ ನಡುರಾತ್ರಿಯ ಲೆಕ್ಕವೋ ತಿಳಿಯದು. ‘ಪ್ರಶಾಂತ ವಾತಾವರಣ’ವೆಂದರೆ ಬಸ್ಸು ಬಾರದ ಸ್ಥಳವೂ ಆಗಿರಬಹುದು. ‘ಮೆಟ್ರೋ ಬರಲಿದೆ’, ‘ಕಾವೇರಿ ನೀರು ಬರಲಿದೆ’ ಎಂಬ ಭವಿಷ್ಯತ್ಕಾಲದ ಕ್ರಿಯಾಪದಗಳಿಗೆ ಕೊಳ್ಳುವವನು ವರ್ತಮಾನಕಾಲದಲ್ಲಿಯೇ ಹಣ ತೆರಬೇಕು. ‘ಖಾತೆ ಸಿದ್ಧವಿದೆ’ ಎಂಬ ಮಾತು ಅನೇಕರಿಗೆ ಧೈರ್ಯವನ್ನು ಕೊಡುತ್ತದೆ; ಆದರೆ ಖಾತೆಯು ಕಂದಾಯದ ದಾಖಲೆಯೇ ಹೊರತು ಒಡೆತನದ ಪ್ರಮಾಣವಲ್ಲ.

ಇವೆಲ್ಲಕ್ಕಿಂತ ದುಬಾರಿಯಾದ ಶಬ್ದವು ‘ಸೂಪರ್ ಬಿಲ್ಟ್‌ಅಪ್’ ಎಂಬುದು. ಮೆಟ್ಟಿಲು, ಲಿಫ್ಟು, ಪಡಸಾಲೆ ಮೊದಲಾದ ಸಾಮಾನ್ಯ ಸ್ಥಳಗಳ ಪಾಲೂ ಈ ಅಳತೆಯಲ್ಲಿ ಸೇರಿರುತ್ತದೆ. ಉದಾಹರಣೆಗೆ, 1,200 ಚದರ ಅಡಿಯ ಮನೆಯನ್ನು ಅಡಿಗೆ 6,000 ರೂಪಾಯಿಯಂತೆ ಮಾರಿದರೆ ಕ್ರಯವು 72 ಲಕ್ಷವಾಯಿತು. ಒಳಗೆ ಬಳಕೆಗೆ ದೊರೆಯುವುದು 900 ಅಡಿಯೇ ಆದರೆ, ನಿಜವಾದ ದರವು 8,000 ರೂಪಾಯಿ!

ಕಾನೂನು ಸುಮ್ಮನಿಲ್ಲ. 2016ನೆಯ ಇಸವಿಯ ಸ್ಥಿರಾಸ್ತಿ ನಿಯಂತ್ರಣ ಮತ್ತು ಅಭಿವೃದ್ಧಿ ಅಧಿನಿಯಮವು ಗೋಡೆಗಳೊಳಗಿನ ಬಳಕೆಯ ಜಾಗಕ್ಕೆ ‘ಕಾರ್ಪೆಟ್ ವಿಸ್ತೀರ್ಣ’ವೆಂಬ ಸ್ಪಷ್ಟ ಅರ್ಥವನ್ನು ವಿಧಿಸಿದೆ. ನೋಂದಾಯಿಸಬೇಕಾದ ಯೋಜನೆಯನ್ನು ನೋಂದಣಿಗೆ ಮುನ್ನ ಜಾಹೀರು ಮಾಡಕೂಡದು; ಜಾಹೀರಾತಿನಲ್ಲಿ ನೋಂದಣಿ ಸಂಖ್ಯೆಯಿರಬೇಕು; ಅಂತಹ ಯೋಜನೆಯ ಮನೆಗಳನ್ನು ಮಾರಿಸುವ ದಲ್ಲಾಳಿಯೂ ನೋಂದಾಯಿತನಾಗಿರಬೇಕು. ಸುಳ್ಳು ಜಾಹೀರಾತನ್ನು ನಂಬಿ ಮುಂಗಡ ಕೊಟ್ಟು ನಷ್ಟಪಟ್ಟವನಿಗೆ ಯೋಜನೆಯ ಪ್ರವರ್ತಕನು ಪರಿಹಾರ ಕೊಡಬೇಕೆಂದು 12ನೆಯ ಪ್ರಕರಣವು ಹೇಳುತ್ತದೆ. ಆತನು ಹಿಂದೆ ಸರಿಯಬಯಸಿದರೆ ಹಣವು ಬಡ್ಡಿಯೊಡನೆ ಹಿಂದಿರುಗತಕ್ಕದ್ದು. ಆದರೆ ಹಳೆಯ ಒಂಟಿ ಮನೆಯ ಮಾರಾಟವು ಈ ನೋಂದಣಿಗೆ ಒಳಪಡುವುದಿಲ್ಲ. ಅಲ್ಲಿ ಕೊಳ್ಳುವವನ ಎಚ್ಚರವೇ ಕಾವಲು.

ಮಾರುವವನು ತನ್ನ ಸರಕನ್ನು ಹೊಗಳಬಾರದೆಂದು ನಾವು ಹೇಳುವುದಿಲ್ಲ. ಸೀರೆಯನ್ನು ಹೊಗಳಿ ಮಾರಿದರೆ ಹೋಗುವುದು ಒಂದು ತಿಂಗಳ ಉಳಿತಾಯ. ಮನೆಯ ವಿಷಯದಲ್ಲಿ ಹೋಗುವುದು ಒಬ್ಬ ಗುಮಾಸ್ತೆಯ ಅಥವಾ ಉಪಾಧ್ಯಾಯರ ಜನ್ಮದ ಸಂಪಾದನೆ, ಮೇಲೆ ಇಪ್ಪತ್ತು ವರ್ಷಗಳ ಸಾಲ. ಆದುದರಿಂದ ಪ್ರತಿಯೊಂದು ಜಾಹೀರಾತಿನಲ್ಲಿಯೂ ಒಳಗಿನ ವಿಸ್ತೀರ್ಣ, ಅನ್ವಯಿಸುವ ಕಡೆ ನೋಂದಣಿ ಸಂಖ್ಯೆ, ಮತ್ತು ಇಂದು ನಿಜವಾಗಿ ಇರುವ ನೀರು, ರಸ್ತೆ, ಒಳಚರಂಡಿಗಳ ವಿವರ ಇವು ಕನ್ನಡದಲ್ಲಿ ಸ್ಪಷ್ಟವಾಗಿರಲಿ. ಸಂಖ್ಯೆಯಿರಬೇಕಾದ ಕಡೆ ಅದಿಲ್ಲದ ಜಾಹೀರಾತನ್ನು ಪತ್ರಿಕೆಗಳು ಹಣದ ಆಶೆಗೆ ಅಚ್ಚು ಹಾಕಕೂಡದು. ಅಧಿಕಾರಿಗಳು ದೂರು ಬರುವ ತನಕ ಕಾಯದೆ ತಾವೇ ಜಾಹೀರಾತುಗಳನ್ನು ಪರಿಶೀಲಿಸತಕ್ಕದ್ದು. ವಾಚಕರು ಕ್ರಯಪತ್ರ, ಋಣಭಾರ ಪತ್ರಗಳನ್ನು ವಕೀಲರಿಗೆ ತೋರಿಸಿ, ನಿವೇಶನವನ್ನು ಒಮ್ಮೆ ಮಳೆಗಾಲದಲ್ಲಿಯೂ ಕಂಡು, ಅನಂತರವೇ ಮುಂಗಡಕ್ಕೆ ಕೈಹಾಕಲಿ.