ಗೇಟಿನ ತನಕ ಬಂದವರಿಗೆ ಒಂದು ಕುರ್ಚಿ

ಬೆಂಗಳೂರಿನ ಒಂದು ಶಾಲೆಯ ಹಿಂಭಾಗದ ಕೋಣೆಯಲ್ಲಿ ವಾರಕ್ಕೊಂದು ಸಂಜೆ ಕನ್ನಡದ ಎಎ ಮೀಟಿಂಗ್ ನಡೆಯುತ್ತದೆ. ಎಎ ಅಂದರೆ ಆಲ್ಕೋಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಲು ಹೊರಟವರ ಬಳಗ. ಮೀಟಿಂಗಿಗೆ ಅರ್ಧ ಗಂಟೆ ಮುಂಚೆಯೇ ಒಬ್ಬ ಹಿರಿಯರು ಎದುರಿನ ಟೀ ಅಂಗಡಿಯ ಬಳಿ ಬಂದು ನಿಲ್ಲುತ್ತಾರೆ. ಬಸ್ ಓಡಿಸಿ ನಿವೃತ್ತರಾದವರು, ಬಳಗದಲ್ಲಿ ಎಲ್ಲರಿಗೂ ಅಣ್ಣ. ಹೆಸರು ಬರೆಯುವಂತಿಲ್ಲ, ಅದು ಅಲ್ಲಿನ ಕಟ್ಟುಪಾಡು. ನಾನು ಹೋಗಿದ್ದು ಅವರನ್ನು ನೋಡಲೆಂದೇ.

ಅಣ್ಣ ಕಾಯುವುದು ಹೊಸಬರಿಗಾಗಿ. ವಿಳಾಸ ಹುಡುಕಿಕೊಂಡು ಬಂದವರು ಸೀದಾ ಒಳಗೆ ಹೋಗುವುದು ಅಪರೂಪವಂತೆ. ಗೇಟು ದಾಟಿ ಮುಂದಕ್ಕೆ ಹೋಗುತ್ತಾರೆ, ಮೂಲೆಯಿಂದ ತಿರುಗಿ ಬರುತ್ತಾರೆ, ಮೊಬೈಲ್ ನೋಡುತ್ತಾ ನಿಲ್ಲುತ್ತಾರೆ, ಬೈಕ್ ಸ್ಟಾರ್ಟ್ ಮಾಡಿ ಮತ್ತೆ ಆಫ್ ಮಾಡುತ್ತಾರೆ. 'ಬಾರ್ ಮುಂದೆ ಬಿದ್ದಿದ್ದಾಗ ಇಲ್ಲದ ನಾಚಿಕೆ ಇಲ್ಲಿ ಬರುತ್ತೆ' ಎಂದರು ಅಣ್ಣ. ಅಂಥವರ ಹತ್ತಿರ ಹೋದಾಗ ಅವರು ಮೀಟಿಂಗಿನ ಮಾತು ಎತ್ತುವುದಿಲ್ಲ. 'ಒಂದು ಟೀ ಕುಡಿಯೋಣ ಬನ್ನಿ' ಅಷ್ಟೆ. ಲೋಟ ಖಾಲಿಯಾಗುವ ಹೊತ್ತಿಗೆ ತಮ್ಮ ಕಥೆ ಹೇಳಿ ಮುಗಿಸಿರುತ್ತಾರೆ: ಕೆಲಸದಿಂದ ಸಸ್ಪೆಂಡ್ ಆದದ್ದು, ಮಗಳ ಫೀಸಿನ ದುಡ್ಡು ಕುಡಿದದ್ದು, ಇದೇ ಗೇಟಿನ ತನಕ ಬಂದು ವಾಪಸ್ ಹೋಗಿ ಮತ್ತೆ ಕುಡಿದದ್ದು. ಕೆಲವರು ಅವರ ಹಿಂದೆಯೇ ಒಳಗೆ ಬರುತ್ತಾರೆ. ಕೆಲವರು ಏನೋ ನೆಪ ಹೇಳಿ ಹೊರಟುಹೋಗುತ್ತಾರೆ. 'ಹೋಗಲಿ ಬಿಡಿ, ಜಾಗ ಗೊತ್ತಾಯ್ತಲ್ಲ' ಅನ್ನುತ್ತಾರೆ ಅಣ್ಣ.

ಟೀ ಕೊಡಿಸುವುದಕ್ಕೆ ಇನ್ನೊಂದು ಕಾರಣವೂ ಇದೆ. ಲೋಟ ಹಿಡಿದ ಕೈ ನಡುಗುತ್ತಿದೆಯೇ ಎಂದು ನೋಡುತ್ತಾರೆ. ನಡುಗುತ್ತಿದ್ದರೆ ಮೊದಲು ಡಾಕ್ಟರ ಮಾತು. ವರ್ಷಗಟ್ಟಲೆ ದಿನವೂ ವಿಪರೀತ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಬುದ್ಧಿಭ್ರಮಣೆಯಾಗಬಹುದು, ಜೀವಕ್ಕೇ ಅಪಾಯವಾಗಬಹುದು. ಹಾಗಾಗಿ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗಕ್ಕೋ ಹತ್ತಿರದ ಆಸ್ಪತ್ರೆಗೋ ಹೋಗಿ ಬರಲು ಹೇಳುತ್ತಾರೆ. ಮಾತ್ರೆ ಮಾಡುವ ಕೆಲಸವನ್ನು ಮೀಟಿಂಗ್ ಮಾಡಲಾರದು ಎಂಬುದು ಅವರಿಗೆ ಚೆನ್ನಾಗಿ ಗೊತ್ತು.

ಬಳಗ ಹುಟ್ಟಿದ ಕಥೆಯನ್ನು ಅಣ್ಣ ತಾವೇ ಕಂಡವರಂತೆ ಹೇಳುತ್ತಾರೆ. 1935ರ ಮೇ ತಿಂಗಳು, ಅಮೆರಿಕದ ಆಕ್ರನ್ ಪಟ್ಟಣ. ಕುಡಿತ ಬಿಟ್ಟು ಕೆಲವೇ ತಿಂಗಳಾಗಿದ್ದ ಷೇರು ವ್ಯವಹಾರದ ಬಿಲ್ ವಿಲ್ಸನ್, ಬಂದ ಕೆಲಸ ಕೆಟ್ಟು ಹೋಟೆಲಿನಲ್ಲಿ ಒಬ್ಬನೇ ನಿಂತಿದ್ದಾನೆ. ಪಕ್ಕದಲ್ಲೇ ಬಾರ್. ಆತ ಅತ್ತ ಹೋಗದೆ ಫೋನಿನ ಹತ್ತಿರ ಹೋಗಿ, ಪಾದ್ರಿಗಳಿಗೆ ಕರೆ ಮಾಡಿ, ತನ್ನಂಥ ಇನ್ನೊಬ್ಬ ಕುಡುಕ ಸಿಗುತ್ತಾನೆಯೇ ಎಂದು ವಿಚಾರಿಸಿದ. ಮರುದಿನ ಸಿಕ್ಕವರು ಶಸ್ತ್ರವೈದ್ಯ ಡಾಕ್ಟರ್ ಬಾಬ್ ಸ್ಮಿತ್. 15 ನಿಮಿಷವಷ್ಟೇ ಎಂದು ಬಂದು ಕೂತವರು ಗಂಟೆಗಟ್ಟಲೆ ಮಾತಾಡಿದರು. ಬಾಬ್ ಕೊನೆಯ ಬಾರಿ ಕುಡಿದ ಜೂನ್ 10 ಬಳಗದ ಹುಟ್ಟುಹಬ್ಬವಾಯಿತು. 1957ರ ಹೊತ್ತಿಗೆ ಅದು ದೆಹಲಿ, ಮುಂಬೈಗೂ ಬಂತು. 'ಬಿಲ್‌ಗೆ ಬಾಬ್ ಬೇಕಿತ್ತು. ನನಗೂ ಆ ಗೇಟಿನ ಹತ್ತಿರ ನಿಂತಿರೋನು ಬೇಕು. ಅವನಿಗೆ ಹೇಳ್ತಾ ಹೇಳ್ತಾ ನಾನು ಇವತ್ತೊಂದು ದಿನ ಉಳ್ಕೋತೀನಿ' ಎಂದರು.

ಒಳಗೆ ಪ್ಲಾಸ್ಟಿಕ್ ಕುರ್ಚಿಗಳು. ಕುಡಿತದಿಂದ ಹೊರಬರಲು ಬಳಗ ಹಾಕಿಕೊಂಡ ಹನ್ನೆರಡು ಹೆಜ್ಜೆಗಳನ್ನು ಓದುತ್ತಾರೆ. ಆಮೇಲೆ ಒಬ್ಬೊಬ್ಬರೇ ಎದ್ದು ಹೆಸರು ಹೇಳಿ, 'ನಾನೊಬ್ಬ ಕುಡಿತದ ರೋಗಿ' ಎಂದು ಮಾತು ಶುರುಮಾಡುತ್ತಾರೆ. ಯಾರೂ ಅಡ್ಡಮಾತಾಡುವುದಿಲ್ಲ, ಬುದ್ಧಿ ಹೇಳುವುದಿಲ್ಲ. ಸೇರಲು ಫೀಸಿಲ್ಲ, ಕುಡಿತ ಬಿಡಬೇಕೆಂಬ ಆಸೆ ಇದ್ದರಾಯಿತು. ಖರ್ಚಿಗೆ ತಮ್ಮತಮ್ಮಲ್ಲೇ ಚೀಲ ತಿರುಗಿಸುತ್ತಾರೆ, ಹೊರಗಿನವರ ದೇಣಿಗೆ ಮುಟ್ಟುವುದಿಲ್ಲ. ನಾನು ಕೂತದ್ದು ಹೊರಗಿನವರಿಗೂ ಅವಕಾಶವಿರುವ ಓಪನ್ ಮೀಟಿಂಗಿನಲ್ಲಿ. ಅಲ್ಲಿ ಕೇಳಿದ್ದನ್ನು ಅಲ್ಲೇ ಬಿಟ್ಟು ಬಂದಿದ್ದೇನೆ.

ಹೆಂಗಸರು ಕಾಣಲಿಲ್ಲ. ಕುಡಿಯುವ ಹೆಣ್ಣಿಗೆ ನಮ್ಮಲ್ಲಿ ಮನೆಯ ಹೊಸಿಲು ದಾಟಿ ಇಲ್ಲಿಗೆ ಬರುವುದೇ ಕಷ್ಟ. ಅವರನ್ನು ಯಾರು ಹುಡುಕಬೇಕೋ ಎಂದು ಮನಸ್ಸು ಭಾರವಾಯಿತು. ಕುಡುಕರ ಮನೆಯವರಿಗಾಗಿ ಬಿಲ್‌ನ ಹೆಂಡತಿ ಲೋಯಿಸ್ ಮತ್ತು ಆಕೆಯ ಗೆಳತಿ 1951ರಲ್ಲಿ ಕಟ್ಟಿದ ಅಲ್-ಅನಾನ್ ಕೂಡ ಇದೆ, ಆದರೆ ಅದರ ಹೆಸರು ಕೇಳಿದವರೇ ಕಡಿಮೆ.

ಮೀಟಿಂಗ್ ಎಲ್ಲಿ ಎಂದು ತಿಳಿಯುವುದು ಹೇಗೆ? ಎಎ ಸಹಾಯವಾಣಿಗೆ ಫೋನ್ ಮಾಡಿದರೆ ಹತ್ತಿರದ ಜಾಗ, ಹೊತ್ತು ಹೇಳುತ್ತಾರೆ. ಚಿಕಿತ್ಸೆಯ ಬಗ್ಗೆ ಕೇಳಲು ಕೇಂದ್ರ ಸರ್ಕಾರದ 14446 ಇದೆ. ಹಳ್ಳಿಗಳಲ್ಲಿ ಧರ್ಮಸ್ಥಳದ ಮದ್ಯವರ್ಜನ ಶಿಬಿರಗಳ ದಾರಿ ಬೇರೆ: ಎಂಟು ದಿನದ ಶಿಬಿರ ಮುಗಿಸಿದವರು ನವಜೀವನ ಸಮಿತಿಗಳಲ್ಲಿ ಒಬ್ಬರಿಗೊಬ್ಬರು ಆಸರೆಯಾಗುತ್ತಾರೆ, ಶತದಿನೋತ್ಸವ ಆಚರಿಸುತ್ತಾರೆ. ಯಾವ ದಾರಿಯಾದರೂ ಸರಿ, ಅದು ಊರಿಗೆ ಹತ್ತಿರವಿರಬೇಕು. ಕೂಲಿ ಬಿಟ್ಟು, ಎರಡು ಬಸ್ ಬದಲಿಸಿ ಪ್ರತಿವಾರ ಬರುವುದು ಎಷ್ಟು ಜನಕ್ಕೆ ಸಾಧ್ಯ?

ತುಮಕೂರು ಜಿಲ್ಲೆಯ ತಮ್ಮೂರಿನಲ್ಲೊಂದು ಮೀಟಿಂಗ್ ಶುರುಮಾಡಬೇಕೆಂಬುದು ಅಣ್ಣನ ಬಹಳ ದಿನದ ಆಸೆ. ತಮ್ಮ ಜೊತೆ ಕುಡಿಯುತ್ತಿದ್ದವರಲ್ಲಿ ಹಲವರು ಈಗಿಲ್ಲ. ಉಳಿದವರ ಮಕ್ಕಳು ಕುಡಿಯುತ್ತಿದ್ದಾರೆ. ಕಳೆದ ಸಲ ಹೋದಾಗ ಊರ ಶಾಲೆಯ ಹೆಡ್‌ಮಾಸ್ಟರನ್ನು ಕಂಡು, ಭಾನುವಾರ ಸಂಜೆ ಒಂದು ಕೋಣೆ, ಎರಡು ಬೆಂಚು ಸಾಕು ಎಂದು ಕೇಳಿದರಂತೆ. ಕುಡುಕರ ಸಭೆಗೆ ಶಾಲೆ ಕೊಟ್ಟರೆ ಊರವರು ಏನಂದಾರೋ ಎಂದು ಹೆಡ್‌ಮಾಸ್ಟರು ಹಿಂಜರಿದರು. ಶಾಲೆಯ ಉಸ್ತುವಾರಿ ಸಮಿತಿ ಎಸ್‌ಡಿಎಂಸಿಯಲ್ಲಿ ಕೇಳಿ ಹೇಳುತ್ತೇನೆ ಎಂದಿದ್ದಾರೆ. ಉತ್ತರ ಇನ್ನೂ ಬಂದಿಲ್ಲ.