ಸಮವಸ್ತ್ರ ಕಳಚಿದ ಲಾರಿ

ಸೈನ್ಯದಿಂದ ನಿವೃತ್ತರಾಗಿ ಊರಿಗೆ ಮರಳಿದವರ ನಡಿಗೆಯಲ್ಲಿ ಕವಾಯತಿನ ಲಯ ಬಹುಕಾಲ ಉಳಿದಿರುತ್ತದೆ. ಸೈನ್ಯದ ಲಾರಿಗಳ ಮಾತೂ ಹಾಗೆಯೇ. ಎರಡನೆಯ ಮಹಾಯುದ್ಧ 1945ರಲ್ಲಿ ಮುಗಿದ ಮೇಲೆ ಮಿಲಿಟರಿ ಡಿಸ್ಪೋಸಲ್‌ನಲ್ಲಿ ಮಾರಾಟವಾದ ಗಾಡಿಗಳು ನಮ್ಮ ದೇಶದ ಎಷ್ಟೋ ಊರುಗಳಲ್ಲಿ ಸರಕು ಹೊತ್ತವು; ಹೊಸ ಮೈ ಕಟ್ಟಿಸಿಕೊಂಡು ಬಸ್ಸುಗಳೂ ಆದವು. ಅವುಗಳ ನಂತರದ ತಲೆಮಾರು ಶಕ್ತಿಮಾನ್. ಜರ್ಮನಿಯ ಮಾನ್ ಕಂಪನಿಯ ಪರವಾನಿಗೆಯಿಂದ 1959ರ ಸುಮಾರಿಗೆ ಜಬಲ್ಪುರದಲ್ಲಿ ತಯಾರಾಗತೊಡಗಿದ ಈ ಡೀಸೆಲ್ ಲಾರಿ 1990ರ ದಶಕದವರೆಗೂ ನಮ್ಮ ಸೇನೆಯ ಭಾರವನ್ನು ಹೊತ್ತಿತು.

ಅಂಥದೊಂದು ಮುದಿ ಶಕ್ತಿಮಾನ್ ಯಾದಗಿರಿಯ ನನ್ನ ಮಿತ್ರರೊಬ್ಬರ ಪಾಲಿಗೆ ಬಂದಿತು. ಅದರಲ್ಲಿಯೇ ಮೈಸೂರಿಗೆ ಹೋಗಿ ಬರಬೇಕೆಂಬುದು ಅವರ ಹಂಬಲ. ಆ ಸಿದ್ಧತೆಯನ್ನು ಹತ್ತಿರದಿಂದ ನೋಡುವ ಅವಕಾಶ ನನಗೆ ದೊರೆಯಿತು.

ಮೊದಲು ಕಳಚಬೇಕಾದದ್ದು ಸಮವಸ್ತ್ರ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಸೈನ್ಯದ ಆಲಿವ್ ಹಸಿರು ಬಣ್ಣ ಖಾಸಗಿ ಲಾರಿಗೆ ಸಲ್ಲದು. ಹಸಿರು ಹೋಗಿ ಕಂದು ಬಂದಿತು. ಬಾಣದ ಗುರುತಿನ ಅಂಕಿಗಳು ಅಳಿದು ಯಾದಗಿರಿಯ ಕೆಎ 33 ಮೂಡಿತು. ಬ್ಯಾಟರಿ ಕೂಡಿಸಿದ ದಿನ ಎಂಜಿನ್ನು ಹೊಗೆ ಕಾರಿ, ಕೆಮ್ಮಿ, ಕೊನೆಗೆ ಗುಡುಗಿತು. ಮಿತ್ರರು ಆ ಸಂಜೆಯೇ ಪ್ರಯಾಣದ ದಿನ ಗೊತ್ತುಮಾಡಿದರು.

ಮಿಸ್ತ್ರಿ ಮಾತ್ರ ಒಪ್ಪಲಿಲ್ಲ. ವಯಸ್ಸಾದ ಮನುಷ್ಯ, ಮಾತು ಕಡಿಮೆ. "ನಿಲ್ಲೋದು ಮೊದಲ ನೋಡ್ರಿ ಸಾಹೇಬ್ರ, ಓಡೋದು ಆಮ್ಯಾಲ" ಎಂದಷ್ಟೇ ಹೇಳಿ ಚಕ್ರಗಳನ್ನು ಬಿಚ್ಚಲು ಕುಳಿತ.

ವರ್ಷಗಟ್ಟಲೆ ನಿಂತ ಲಾರಿಗೆ ಓಡಿ ಸವೆದ ಲಾರಿಗಿಂತ ಕಾಯಿಲೆ ಹೆಚ್ಚೆಂಬುದು ಆಗ ನನಗೆ ಮನದಟ್ಟಾಯಿತು. ಟೈರಿನ ಹಲ್ಲುಗಳು ಹೊಸದರಂತೆ ಎದ್ದು ಕಾಣುತ್ತಿದ್ದವು; ಆದರೆ ಪಕ್ಕದ ರಬ್ಬರು ಗಡುಸಾಗಿ ಬಿರುಕುಬಿಟ್ಟಿತ್ತು. ಟೈರಿನ ಮೇಲೆ ಒತ್ತಿದ ನಾಲ್ಕು ಅಂಕಿಗಳಲ್ಲಿ ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ಅದು ಟೈರಿನ ಜಾತಕ. ಡೀಸೆಲ್ ಟಾಂಕಿಯ ತಳದಲ್ಲಿ ತುಕ್ಕು, ಕೆಸರು. ಅದು ಫಿಲ್ಟರನ್ನು ಕಟ್ಟಿದರೆ ಎಂಜಿನ್ನು ನಡುದಾರಿಯಲ್ಲಿ ಉಸಿರುಗಟ್ಟುತ್ತದೆ. ಕೊಳವೆಯಲ್ಲಿ ಎಳ್ಳಷ್ಟು ಗಾಳಿ ಸೇರಿದರೂ ಡೀಸೆಲ್ ಮುಂದಕ್ಕೆ ಹರಿಯದು. ರೇಡಿಯೇಟರಿನ ಒಳಗೆ ಗಡಸು ನೀರಿನ ಸುಣ್ಣ ಕಟ್ಟಿತ್ತು. ಬೇಸಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಈ ಸೀಮೆಯಲ್ಲಿ ಅದೊಂದೇ ಸಾಕು, ಎಂಜಿನ್ನು ಕುದಿಯಲು. ಬ್ರೇಕಿನ ಎಣ್ಣೆ ಗಾಳಿಯ ತೇವವನ್ನು ಹೀರಿ ಒಳಗಿನ ಕಬ್ಬಿಣವನ್ನು ತಿಂದಿತ್ತು.

ಇಷ್ಟೊಂದು ಗಟ್ಟಿ ಲಾರಿಗೆ ಇಷ್ಟೊಂದು ಶುಶ್ರೂಷೆ ಏಕೆ? ಸೈನ್ಯದ ಲಾರಿ ಸಾಲಿನಲ್ಲಿ ಹೋಗುವುದು. ಒಂದು ಕೆಟ್ಟರೆ ಎಳೆಯಲು ಇನ್ನೊಂದಿರುತ್ತದೆ. ಹಿಂದೆ ಬಿಡಿಭಾಗಗಳ ಉಗ್ರಾಣವಿರುತ್ತದೆ, ಕುಶಲ ಕೈಗಳಿರುತ್ತವೆ. 1943ರಲ್ಲಿ ಹುಟ್ಟಿದ ಇಎಂಇ ದಳದ ಉದ್ಯೋಗವೇ ಈ ದುರಸ್ತಿ. ಅದರ ದೊಡ್ಡ ತರಬೇತಿ ಕೇಂದ್ರ ನಮಗೆ ದೂರವಲ್ಲದ ಸಿಕಂದರಾಬಾದಿನಲ್ಲಿದೆ. ಲಾರಿ ಹರಾಜಾದಾಗ ಆ ದಳ ಜೊತೆಗೆ ಬರುವುದಿಲ್ಲ.

ಪರೀಕ್ಷೆಗೆಂದು ಸುರಪುರದವರೆಗೆ ಹೋಗಿ ಬರುವುದೆಂದಾಯಿತು. ಭೀಮೆಯ ಸೇತುವೆ ದಾಟಿ, ಎರೆಹೊಲಗಳ ನಡುವೆ ಲಾರಿ ಗಂಭೀರವಾಗಿ ನಡೆಯಿತು. ಶಹಾಪುರದಲ್ಲಿ, ಮಲಗಿದ ಬುದ್ಧನಂತೆ ತೋರುವ ಬೆಟ್ಟದ ಎದುರು ನಿಲ್ಲಿಸಿ ಮಿಸ್ತ್ರಿ ಪ್ರತಿಯೊಂದು ಚಕ್ರದ ಹತ್ತಿರ ಅಂಗೈ ಹಿಡಿದು ಶಾಖ ನೋಡಿದ. ಎಲ್ಲವೂ ಸಮ. ಸುರಪುರದ ಏರನ್ನೂ ಲಾರಿ ಏರಿತು. ಇಳಿಯುವಾಗ ಸುಟ್ಟ ವಾಸನೆ ಬಂದಿತು: ಹಿಂದಿನ ಎಡ ಚಕ್ರದ ಬ್ರೇಕು ಹಿಡಿದದ್ದು ಬಿಡುತ್ತಿರಲಿಲ್ಲ. ಬಯಲಿನಲ್ಲಿ ಅಡಗಿದ್ದ ರೋಗ ಇಳಿಜಾರಿನಲ್ಲಿ ಹೊರಬಿದ್ದಿತು. ಗೊತ್ತುಮಾಡಿದ ದಿನ ತಪ್ಪಿತು. ಮಿತ್ರರ ಮುಖ ಬಾಡಿತು. ಅದೇ ರೋಗ ಮೈಸೂರಿನ ದಾರಿಯಲ್ಲಿ, ಜನ ತುಂಬಿದ ಲಾರಿಯಲ್ಲಿ ಹೊರಬಿದ್ದಿದ್ದರೆ?

ಬ್ರೇಕು ತಣಿಯುವವರೆಗೆ ಸುರಪುರದಲ್ಲಿ ಕಾಯುತ್ತ ನನಗೆ ಮೆಡೋಸ್ ಟೇಲರ್ ನೆನಪಾದ. 1840ರ ದಶಕದಲ್ಲಿ ಈ ಸಂಸ್ಥಾನದ ಆಡಳಿತ ನೋಡಿಕೊಂಡವನು ಅವನು. ಟೇಲರ್ ಮಂಜಿಲ್ ಇಂದಿಗೂ ಅಲ್ಲಿದೆ. ಆ ಕಾಲದ ಅಧಿಕಾರಿಯೊಬ್ಬ ದೂರ ಹೊರಟರೆ ಡೇರೆ, ಎತ್ತಿನ ಬಂಡಿ, ಪಲ್ಲಕ್ಕಿಯ ಬೋಯಿಗಳು, ಅಡಿಗೆಯವರು, ಎಲ್ಲರೂ ಹೊರಡಬೇಕು. ಪ್ರಯಾಣವೆಂದರೆ ಒಂದು ಚಿಕ್ಕ ಊರೇ ನಡೆದಂತೆ. ನಮ್ಮ ಕಾಲದಲ್ಲಿ ಆ ಊರು ಪೆಟ್ಟಿಗೆಯೊಳಗೆ ಅಡಗಬೇಕು.

ಹಾಗೆಯೇ ಆಯಿತು. ಕೊನೆಯ ದಿನ ಮಿಸ್ತ್ರಿ ಕಟ್ಟಿಕೊಟ್ಟ ಪೆಟ್ಟಿಗೆಯಲ್ಲಿ ಫ್ಯಾನ್ ಬೆಲ್ಟು, ರೇಡಿಯೇಟರಿನ ರಬ್ಬರು ಕೊಳವೆ, ಎರಡು ಫಿಲ್ಟರು, ಬಲ್ಬುಗಳು, ಪಾನಾಗಳು; ಪಕ್ಕದಲ್ಲಿ ಜಾಕು, ನೀರಿನ ಡಬ್ಬಿ, ಚಕ್ರಕ್ಕೆ ಅಡ್ಡ ಇಡುವ ಎರಡು ಮರದ ತುಂಡು. ಒಂದು ವಾರ ತಡವಾಗಿ ಹೊರಟ ಲಾರಿ ತಿಂಥಣಿಯ ಹತ್ತಿರ ಕೃಷ್ಣೆಯನ್ನು ದಾಟಿ, ಲಿಂಗಸುಗೂರು, ಸಿಂಧನೂರು, ಬಳ್ಳಾರಿಗಳ ಮೇಲೆ ಮೈಸೂರು ಸೇರಿ ಮರಳಿತು. ಪೆಟ್ಟಿಗೆಯಿಂದ ಹೊರಗೆ ಬಂದದ್ದು ಒಂದು ಬೆಲ್ಟು ಮಾತ್ರ.

ಉಳಿದದ್ದೆಲ್ಲ ವ್ಯರ್ಥವಾಯಿತೆಂದು ಕೆಲವರು ನಕ್ಕರು. ನನಗೆ ಹಾಗೆನ್ನಿಸುವುದಿಲ್ಲ. ಜೊತೆಗೆ ಬರಲಾಗದವರ ಕೆಲಸವನ್ನು ಮೊದಲೇ ಮಾಡಿಡುವುದಕ್ಕೆ ಸಿದ್ಧತೆಯೆಂದು ಹೆಸರು. ಅದು ಚೆನ್ನಾಗಿ ನಡೆದಾಗ ದಾರಿಯಲ್ಲಿ ಹೇಳಿಕೊಳ್ಳುವಂಥದೇನೂ ನಡೆಯುವುದಿಲ್ಲ.