ಕಾವಿನಿಂದ ವೇಗಕ್ಕೆ: ಲೋಹದ ಪುಡಿ ಎರಚುವ ವಿದ್ಯೆ ಬೆಳೆದ ಬಗೆ

ಲೋಹದ ಪುಡಿಯನ್ನು ಕಾಯಿಸಿ, ಅನಿಲದ ರಭಸದಲ್ಲಿ ಎರಚಿ, ಗಟ್ಟಿ ಮಿಶ್ರಲೋಹದ ಪದರ ಕಟ್ಟುವ ವಿಧಾನಕ್ಕೆ ಥರ್ಮಲ್ ಸ್ಪ್ರೇ ಎಂದು ಹೆಸರು. ಇದಕ್ಕೆ ನಾಂದಿ ಹಾಡಿದವರು ಸ್ವಿಟ್ಜರ್ಲೆಂಡಿನ ಮ್ಯಾಕ್ಸ್ ಉಲ್ರಿಖ್ ಶೂಪ್. 1910ರ ಆಸುಪಾಸಿನಲ್ಲಿ ಅವರು ಕರಗಿದ ಲೋಹವನ್ನು ಒತ್ತಡದ ಅನಿಲದಿಂದ ಸಿಂಪಡಿಸಿದರು. ಮುಂದೆ ತಂತಿ, ಪುಡಿಗಳನ್ನೂ ಬಳಸಿದರು.

ಪುಡಿಯ ಕಣಗಳು ಸಾಮಾನ್ಯವಾಗಿ ಕೂದಲೆಳೆಗಿಂತ ಸಣ್ಣವು. ಕಾದು ಮೆತ್ತಗಾದ ಪ್ರತಿ ಕಣವೂ ಗೋಡೆಗೆ ತಟ್ಟಿದ ಬೆರಣಿಯಂತೆ ಚಪ್ಪಟೆಯಾಗಿ, ಕಣ್ಣೆವೆ ಇಕ್ಕುವುದರೊಳಗೆ ಹೆಪ್ಪುಗಟ್ಟುತ್ತದೆ. ಅದರ ಮೇಲೆ ಇನ್ನೊಂದು, ಮತ್ತೊಂದು ಕೂತು ಪದರ ಬೆಳೆಯುತ್ತದೆ. ಆರಂಭದ ಜ್ವಾಲೆಯ ಗನ್ನುಗಳಲ್ಲಿ ಕಣಗಳ ವೇಗ ಕಡಿಮೆಯಿತ್ತು. ಹಾರುವಾಗ ಅವು ಗಾಳಿಯ ಆಮ್ಲಜನಕದೊಂದಿಗೆ ಸೇರಿ ಆಕ್ಸೈಡ್ ಆಗುತ್ತಿದ್ದವು, ಪದರದ ನಡುವೆ ಸಣ್ಣ ರಂಧ್ರಗಳು ಉಳಿಯುತ್ತಿದ್ದವು.

ಈ ಕೊರತೆಗೆ ಒಂದು ಪರಿಹಾರ ಪುಡಿಯಲ್ಲೇ ಸಿಕ್ಕಿತು. ನಿಕ್ಕಲ್–ಕ್ರೋಮಿಯಂ ಪುಡಿಗೆ ಬೋರಾನ್, ಸಿಲಿಕಾನ್ ಬೆರೆಸಿ, ಎರಚಿದ ಮೇಲೆ ಸುಮಾರು 1,000 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಲಾಯಿತು. ಬೋರಾನ್ ಮತ್ತು ಸಿಲಿಕಾನ್ ಆಕ್ಸೈಡನ್ನು ಕಿಟ್ಟವಾಗಿ ಮೇಲಕ್ಕೆ ತಂದವು. ರಂಧ್ರ ಮುಚ್ಚಿ, ಪದರ ಅಡಿಯ ಉಕ್ಕಿಗೆ ಬೆಸೆದುಕೊಂಡಿತು.

ಇನ್ನೊಂದು ಪರಿಹಾರ ವೇಗ. 1950ರ ದಶಕದಲ್ಲಿ ಅಮೆರಿಕದ ಯೂನಿಯನ್ ಕಾರ್ಬೈಡ್ ಕಂಪನಿ ಡಿಟೊನೇಷನ್ ಗನ್ ರೂಪಿಸಿತು. ಅದರ ನಳಿಗೆಯೊಳಗೆ ಆಮ್ಲಜನಕ, ಅಸಿಟಿಲೀನ್ ತುಂಬಿ ಕಿಡಿ ಹೊತ್ತಿಸಿದರೆ, ಸ್ಫೋಟದ ಅಲೆ ಪುಡಿಯನ್ನು ಸೆಕೆಂಡಿಗೆ ನೂರಾರು ಮೀಟರ್ ವೇಗದಲ್ಲಿ ತಳ್ಳುತ್ತಿತ್ತು. ಅದೇ ಕಾಲಕ್ಕೆ ಬಂದ ಪ್ಲಾಸ್ಮಾ ಸ್ಪ್ರೇಯಲ್ಲಿ ಅನಿಲದ ಕಾವು 10,000 ಡಿಗ್ರಿ ಮೀರಿತು. ಸುಲಭಕ್ಕೆ ಕರಗದ ಸೆರಾಮಿಕ್ಕನ್ನೂ ಎರಚಲು ಸಾಧ್ಯವಾಯಿತು.

ಆದರೆ ಟಂಗ್‌ಸ್ಟನ್ ಕಾರ್ಬೈಡ್–ಕೋಬಾಲ್ಟ್ ಪುಡಿಗೆ ಅಷ್ಟು ಕಾವು ಒಗ್ಗದು. ಅತಿಯಾಗಿ ಕಾದರೆ ಕಾರ್ಬೈಡ್ ಇಂಗಾಲ ಕಳೆದುಕೊಳ್ಳುತ್ತದೆ, ಪದರ ಪೆಡಸಾಗುತ್ತದೆ. 1980ರ ದಶಕದ ಆರಂಭದಲ್ಲಿ ಜೇಮ್ಸ್ ಬ್ರೌನಿಂಗ್ ಬಳಕೆಗೆ ತಂದ ಎಚ್‌ವಿಒಎಫ್ ವಿಧಾನ ಇದನ್ನು ಬಗೆಹರಿಸಿತು. ಇಂಧನವನ್ನು ಆಮ್ಲಜನಕದೊಂದಿಗೆ ಒತ್ತಡದಲ್ಲಿ ನಿರಂತರವಾಗಿ ಉರಿಸಿ, ಶಬ್ದವನ್ನೂ ಮೀರಿಸುವ ಅನಿಲಧಾರೆಯಲ್ಲಿ ಪುಡಿಯನ್ನು ಹಾರಿಸುವ ವಿಧಾನವಿದು. ಕಣ ಕಾಯುವ ಹೊತ್ತು ಕಡಿಮೆ, ಬಡಿಯುವ ರಭಸ ಹೆಚ್ಚು. ಹೀಗೆ ದೊರೆತ ದಟ್ಟ ಪದರವು ವಿಮಾನದ ಲ್ಯಾಂಡಿಂಗ್ ಗೇರ್‌ಗಳಲ್ಲಿ, ವಿಷಕಾರಿ ದ್ರಾವಣ ಬೇಡುವ ಕ್ರೋಮ್ ಲೇಪನದ ಜಾಗಕ್ಕೆ ಬಂತು.

1980ರ ದಶಕದಲ್ಲೇ ಸೋವಿಯತ್ ರಷ್ಯಾದ ನೊವೊಸಿಬಿರ್ಸ್ಕ್‌ನಲ್ಲಿ ಅನತೋಲಿ ಪಾಪಿರಿನ್ ಮತ್ತು ಸಂಗಡಿಗರು, ಸಾಕಷ್ಟು ವೇಗವಿದ್ದರೆ ಕರಗದ ಲೋಹಕಣವೂ ಅಂಟುತ್ತದೆಂದು ಕಂಡರು. ಇದೇ ಕೋಲ್ಡ್ ಸ್ಪ್ರೇ. ಇಂದು ಸೆರಾಮಿಕ್‌ಗೆ ಪ್ಲಾಸ್ಮಾ, ಕಾರ್ಬೈಡ್‌ಗೆ ಎಚ್‌ವಿಒಎಫ್, ತಾಮ್ರ–ಅಲ್ಯುಮಿನಿಯಂಗೆ ಕೋಲ್ಡ್ ಸ್ಪ್ರೇ ಎಂಬಂತೆ, ಪುಡಿಯ ಗುಣ ನೋಡಿ ವಿಧಾನ ಆರಿಸಲಾಗುತ್ತದೆ.